ಮನಸ್ಸಿನ ನೋವನ್ನು ನೋಡುವ ಬಗೆ



ಪರೀಕ್ಷೆಯ ಫಲಿತಾಂಶ ಬಂದಿದೆ, ನೀವು ನಿರೀಕ್ಷಿಸಿದ್ದಕ್ಕಿಂತ ಇಪ್ಪತ್ತು ಅಂಕ ಕಡಿಮೆಯಾಗಿದೆ ಎಂದಿಟ್ಟುಕೊಳ್ಳಿ. ಎದೆ ಧಸಕ್ಕೆನ್ನುತ್ತದೆ, ಗಂಟಲು ಕಟ್ಟುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ. ಇದು ಸಹಜವಾದ ದುಃಖ. ಆದರೆ ವಿಷಯ ಇಲ್ಲಿಗೇ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ ಇನ್ನೊಂದು ದನಿ ಏಳುತ್ತದೆ: ‘ಇಷ್ಟಕ್ಕೆಲ್ಲ ಅಳುತ್ತೀಯಾ? ನೀನು ದಡ್ಡ, ನಾಲಾಯಕ್ಕು.’ ಈಗ ನೋವು ಎರಡಾಯಿತು. ಒಂದು, ಅಂಕ ಕಡಿಮೆಯಾದ ನೋವು. ಇನ್ನೊಂದು, ನೊಂದುಕೊಂಡಿದ್ದಕ್ಕೆ ನಮ್ಮನ್ನು ನಾವೇ ಬೈದುಕೊಂಡ ನೋವು. ಇವತ್ತಿನ ಮಾತು ಈ ಎರಡನೆಯ ನೋವನ್ನು ಕುರಿತದ್ದು.

ಇದನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಗುರುತಿಸಿದ್ದರು. ಪಾಲಿ ಭಾಷೆಯ ಬೌದ್ಧ ಗ್ರಂಥಗಳಲ್ಲಿ ಎರಡು ಬಾಣಗಳ ಹೋಲಿಕೆ ಬರುತ್ತದೆ. ಒಬ್ಬನಿಗೆ ಒಂದು ಬಾಣ ನಾಟಿದೆ. ಅದರ ಬೆನ್ನಿಗೇ ಎರಡನೆಯದೂ ನಾಟುತ್ತದೆ. ಮೊದಲ ಬಾಣವೆಂದರೆ ಬದುಕಿನಲ್ಲಿ ಎಲ್ಲರಿಗೂ ಬರುವ ನೋವು. ಅದನ್ನು ಜ್ಞಾನಿಯೂ ತಪ್ಪಿಸಿಕೊಳ್ಳಲಾರ. ಎರಡನೆಯ ಬಾಣವೆಂದರೆ ಆ ನೋವಿಗೆ ಪ್ರತಿಯಾಗಿ ನಾವು ಪಡುವ ಸಂಕಟ, ಗೋಳಾಟ. ಇದನ್ನು ತಪ್ಪಿಸಲು ಸಾಧ್ಯವಿದೆ ಎಂಬುದೇ ಆ ಹೋಲಿಕೆಯ ತಿರುಳು.

ಹಾಗಾದರೆ ನೋವನ್ನು ಮನಸ್ಸಿನಿಂದ ಆಚೆಗೆ ತಳ್ಳಿಬಿಟ್ಟರೆ ಆಗದೇ ಎಂದು ನೀವು ಕೇಳಬಹುದು. ‘ಅದನ್ನು ಯೋಚಿಸಬೇಡ, ಮರೆತುಬಿಡು’ ಎಂದು ಹಿತೈಷಿಗಳು ಹೇಳುವುದೂ ಉಂಟು. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಇಲ್ಲಿ ನೋಡಬೇಕು. ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಕೂಡದೆಂದು ಹೇಳಲಾಯಿತು. ನೆನಪಾದರೆ ಗಂಟೆ ಬಾರಿಸಬೇಕು. ಗಂಟೆ ಮತ್ತೆ ಮತ್ತೆ ಬಾರಿಸಿತು. ಅಷ್ಟೇ ಅಲ್ಲ, ಆಮೇಲೆ ‘ಈಗ ನೆನೆಯಬಹುದು’ ಎಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚಾಗಿ ನೆನಪಾಯಿತು. ಒಂದು ಕರಡಿಯ ಪಾಡೇ ಹೀಗಾದರೆ, ನಮ್ಮ ಅವಮಾನ, ಭಯ, ಅಸೂಯೆಗಳನ್ನು ಅದುಮಿಡುವುದು ಎಷ್ಟು ಕಷ್ಟವೆಂದು ನೀವೇ ಊಹಿಸಿಕೊಳ್ಳಿ.

ತಳ್ಳುವುದೂ ಅಲ್ಲ, ಅದರಲ್ಲೇ ಮುಳುಗುವುದೂ ಅಲ್ಲ; ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದು ನೋಡುವ ದಾರಿ. ಬಂದ ಭಾವವನ್ನು ಬಂದಹಾಗೆಯೇ, ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪು ಕೊಡದೆ ಗಮನಿಸುವುದು. ಪಾಲಿಯಲ್ಲಿ ಇದಕ್ಕೆ ‘ಸತಿ’ ಎನ್ನುತ್ತಾರೆ. ಸಂಸ್ಕೃತದ ‘ಸ್ಮೃತಿ’ಯೇ ಅದು. ಇಂಗ್ಲಿಷಿನಲ್ಲಿ ಮೈಂಡ್‌ಫುಲ್‌ನೆಸ್ ಎಂಬ ಹೆಸರು ಬಳಕೆಯಲ್ಲಿದೆ. ನಾವು ಸರಳವಾಗಿ ಎಚ್ಚರದ ಧ್ಯಾನ ಎನ್ನೋಣ.

ಬರ್ಮಾದ ಮಂಡಾಲೆಯಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ ಅವರು 1969ರಲ್ಲಿ ಭಾರತಕ್ಕೆ ಬಂದು, ಈ ಪರಂಪರೆಗೆ ಸೇರಿದ ವಿಪಶ್ಯನ ಧ್ಯಾನವನ್ನು ಹತ್ತು ದಿನಗಳ ಶಿಬಿರಗಳ ಮೂಲಕ ಕಲಿಸಿದರು. ಅಮೆರಿಕದಲ್ಲಿ ಜಾನ್ ಕಬಾಟ್-ಝಿನ್ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವೈದ್ಯಕೀಯ ಶಾಲೆಯಲ್ಲಿ ಇದನ್ನು ಕೆಲವು ವಾರಗಳ ಪಾಠವಾಗಿ ರೂಪಿಸಿದರು. ಅವರ ಬಳಿಗೆ ಬಂದವರಲ್ಲಿ ವಾಸಿಯಾಗದ ಬೆನ್ನುನೋವು, ತಲೆನೋವುಗಳಿಂದ ಬಳಲಿದವರು ಅನೇಕರಿದ್ದರು. ಮುಂದೆ ಮಾನಸಿಕ ಖಿನ್ನತೆಗೂ ಇದನ್ನು ಅಳವಡಿಸಲಾಯಿತು. ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಒಳಗಾಗಿ ಚೇತರಿಸಿಕೊಂಡವರ ಬಗ್ಗೆ 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಮಾನ್ಯ ಚಿಕಿತ್ಸೆಯನ್ನಷ್ಟೇ ಪಡೆದವರ ಪೈಕಿ 100ಕ್ಕೆ 66 ಮಂದಿಗೆ ರೋಗ ಮರುಕಳಿಸಿದರೆ, ಧ್ಯಾನವನ್ನೂ ಕಲಿತವರಲ್ಲಿ ಆ ಸಂಖ್ಯೆ 37 ಆಗಿತ್ತು.

ಈಗ ಇದನ್ನು ಮಾಡುವ ಕ್ರಮ ನೋಡೋಣ. ಮನೆಯಲ್ಲೋ ಹಾಸ್ಟೆಲಿನ ಕೋಣೆಯಲ್ಲೋ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಚಾಪೆಯ ಮೇಲೆ ಕುಳಿತರೂ ಸರಿ, ಕುರ್ಚಿಯಾದರೂ ಸರಿ. ಬೆನ್ನು ನೆಟ್ಟಗಿರಲಿ, ಮೈ ಬಿಗಿಯದಿರಲಿ. ಕಣ್ಣು ಮುಚ್ಚಿ, ಉಸಿರು ಮೂಗಿನ ಹೊಳ್ಳೆಯಲ್ಲಿ ಬಂದುಹೋಗುವುದನ್ನು ಗಮನಿಸಿ. ಉಸಿರನ್ನು ಉದ್ದ ಮಾಡಬೇಡಿ, ಹಿಡಿಯಲೂ ಬೇಡಿ. ಅರೆ ನಿಮಿಷದಲ್ಲಿ ಮನಸ್ಸು ಎಲ್ಲಿಗೋ ಓಡಿರುತ್ತದೆ. ‘ಓಡಿತು’ ಎಂದು ತಿಳಿದುಕೊಂಡು, ಬೈಯದೆ, ಅದನ್ನು ಮತ್ತೆ ಉಸಿರಿಗೆ ಕರೆತನ್ನಿ. ನೂರು ಸಲ ಓಡಿದರೆ ನೂರು ಸಲ ಕರೆತನ್ನಿ. ಕರೆತರುವುದೇ ಅಭ್ಯಾಸ, ಓಡದಿರುವುದಲ್ಲ.

ಹೀಗೆ ಕುಳಿತಾಗ ನೋವಿನ ಭಾವ ಬಂದರೆ ಅದು ಮೈಯಲ್ಲಿ ಎಲ್ಲಿದೆ ಎಂದು ಹುಡುಕಿ. ಭಯವಾದರೆ ಹೊಟ್ಟೆಯಲ್ಲಿ ಸಂಕಟವಾಗಿರಬಹುದು, ಅಂಗೈ ಬೆವರಿರಬಹುದು. ಸಿಟ್ಟಾದರೆ ದವಡೆ ಬಿಗಿದಿರಬಹುದು. ಅಲ್ಲಿ ಸ್ವಲ್ಪ ಹೊತ್ತು ಗಮನವಿಡಿ. ಬಿಗಿತ ಹೆಚ್ಚುತ್ತಿದೆಯೇ, ಸಡಿಲವಾಗುತ್ತಿದೆಯೇ ಎಂದು ನೋಡಿ. ಅದನ್ನು ಓಡಿಸುವ ಆತುರ ಬೇಡ. ಭಾವ ತೀರಾ ಹೆಚ್ಚಾಯಿತು ಎನಿಸಿದರೆ ಕಣ್ಣು ತೆರೆದು, ಅಂಗಾಲು ನೆಲಕ್ಕೆ ತಾಗಿರುವುದನ್ನು ಗಮನಿಸಿ, ಅಲ್ಲಿಗೇ ನಿಲ್ಲಿಸಿ.

ಆಮೇಲೆ ಆ ಭಾವಕ್ಕೆ ಒಂದು ಹೆಸರು ಕೊಡಿ. ಇಲ್ಲಿ ನಮ್ಮ ಕನ್ನಡ ನಮಗೆ ದೊಡ್ಡ ಸಹಾಯ ಮಾಡುತ್ತದೆ. ನಾವು ಹೇಗೆ ಮಾತನಾಡುತ್ತೇವೆ, ನೋಡಿ: ‘ನನಗೆ ಸಿಟ್ಟು ಬಂತು’, ‘ನನಗೆ ಹೆದರಿಕೆಯಾಯಿತು’, ‘ನನಗೆ ಅಳು ಬಂತು’. ಸಿಟ್ಟು ಬರುತ್ತದೆ, ಬಂದದ್ದು ಹೋಗುತ್ತದೆ. ಮನೆಗೆ ನೆಂಟರು ಬಂದ ಹಾಗೆ. ಈ ಮಾತುಗಳಲ್ಲಿ ಭಾವ ಬೇರೆ, ‘ನಾನು’ ಬೇರೆ. ಆದರೆ ನಮ್ಮನ್ನು ಬೈದುಕೊಳ್ಳುವಾಗ ವ್ಯಾಕರಣವೇ ಬದಲಾಗಿಬಿಡುತ್ತದೆ: ‘ನಾನು ಹೇಡಿ’, ‘ನಾನು ದಡ್ಡ’. ‘ನನಗೆ’ ಹೋಗಿ ‘ನಾನು’ ಬಂತು. ಒಂದು ಗಳಿಗೆಯ ಭಾವ ಇಡೀ ಬಾಳಿನ ಹೆಸರಾಯಿತು. ಇದೇ ಎರಡನೆಯ ಬಾಣ. ಆದ್ದರಿಂದ ‘ನಾನು ಹೇಡಿ’ ಎಂಬ ಮಾತು ಒಳಗೆ ಎದ್ದಾಗಲೆಲ್ಲ ಅದನ್ನು ತಿದ್ದಿ, ‘ನನಗೆ ಈಗ ಹೆದರಿಕೆಯಾಗಿದೆ’ ಎಂದು ಹೇಳಿಕೊಳ್ಳಿ. ಎರಡರಲ್ಲಿ ಎಷ್ಟು ಅಂತರವಿದೆ ಎಂಬುದು ನಿಮಗೇ ತಿಳಿಯುತ್ತದೆ.

ಹೀಗೆ ಹೆಸರಿಡುವುದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರಗಳನ್ನು ತೋರಿಸಿ ಮೆದುಳಿನ ಚಟುವಟಿಕೆಯನ್ನು ಅಳೆಯಲಾಯಿತು. ನೋಡಿದ ಭಾವವನ್ನು ಒಂದು ಪದದಿಂದ ಗುರುತಿಸಿದಾಗ, ಭಯ ಮುಂತಾದವುಗಳಲ್ಲಿ ಚುರುಕಾಗುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ಕಡಿಮೆಯಾಗಿತ್ತು.

ಕೆಲವು ತಪ್ಪು ತಿಳುವಳಿಕೆಗಳನ್ನೂ ಇಲ್ಲಿ ಹೇಳಬೇಕು. ಒಪ್ಪಿಕೊಳ್ಳುವುದು ಎಂದರೆ ಕೈಕಟ್ಟಿ ಕೂರುವುದಲ್ಲ. ಅಂಕ ಕಡಿಮೆ ಬಂದಿದ್ದರ ದುಃಖವನ್ನು ಒಪ್ಪಿಕೊಂಡವನು ಮರುದಿನ ಪುಸ್ತಕ ತೆರೆಯಬಲ್ಲ. ತನ್ನನ್ನು ಹಳಿದುಕೊಳ್ಳುತ್ತಿರುವವನಿಗೆ ಅದೇ ಕಷ್ಟ. ಹಾಗೆಯೇ ಯಾರಾದರೂ ನಿಮ್ಮನ್ನು ಪೀಡಿಸುತ್ತಿದ್ದರೆ, ಒಪ್ಪಿಕೊಳ್ಳಬೇಕಾದದ್ದು ನಿಮಗಾದ ನೋವನ್ನು, ಅವರ ಪೀಡನೆಯನ್ನಲ್ಲ. ಅದನ್ನು ಹಿರಿಯರಿಗೆ, ಅಧ್ಯಾಪಕರಿಗೆ ಹೇಳಲೇಬೇಕು. ಇನ್ನೊಂದು ಮಾತು: ‘ನನಗೆ ಧ್ಯಾನವೂ ಬರುವುದಿಲ್ಲ’ ಎಂದು ಅದಕ್ಕೂ ಬೈದುಕೊಳ್ಳುವವರಿದ್ದಾರೆ. ಅದೂ ಒಂದು ತೀರ್ಪೇ. ಅದನ್ನೂ ನೋಡಿ, ಬಿಟ್ಟುಬಿಡಿ.

ಇದು ಸರ್ವರೋಗಕ್ಕೂ ಮದ್ದಲ್ಲ. ಬ್ರಿಟನ್ನಿನ ಎಂಬತ್ತಕ್ಕೂ ಹೆಚ್ಚು ಶಾಲೆಗಳಲ್ಲಿ, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ತರಗತಿಯ ಎಲ್ಲರಿಗೂ ಒಟ್ಟಾಗಿ ಈ ಧ್ಯಾನವನ್ನು ಪಾಠವಾಗಿ ಕಲಿಸಿದಾಗ, ಶಾಲೆಯ ಎಂದಿನ ಪಾಠಗಳಿಗಿಂತ ಹೆಚ್ಚಿನ ಪ್ರಯೋಜನ ಅದರಲ್ಲಿ ಕಂಡುಬರಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದ ಮಕ್ಕಳೂ ಕಡಿಮೆಯೇ. ಆದ್ದರಿಂದ ಯಾರ ಬಲವಂತಕ್ಕೂ ಇದನ್ನು ಮಾಡಬೇಡಿ. ನಿಮಗೆ ಬೇಕೆನಿಸಿದರೆ ಕೆಲವು ವಾರ ಮಾಡಿ ನೋಡಿ, ಹಿಡಿಸದಿದ್ದರೆ ಬಿಡಿ. ಬಿಟ್ಟದ್ದು ನಿಮ್ಮ ಸೋಲಲ್ಲ.

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡವೆನ್ನುವ ಯೋಚನೆ ಒಮ್ಮೆಯಾದರೂ ಬಂದರೆ, ಒಬ್ಬರೇ ಕುಳಿತು ಧ್ಯಾನ ಮಾಡುತ್ತಾ ಇರಬೇಡಿ. ಅಪ್ಪ ಅಮ್ಮನಿಗೋ, ನೆಚ್ಚಿನ ಮೇಷ್ಟರಿಗೋ ಟೀಚರಿಗೋ ಆ ದಿನವೇ ಹೇಳಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮನಸ್ ದೂರವಾಣಿ ಸೇವೆ ಇದೆ. ಅದರ ಸಂಖ್ಯೆ 14416. ಹಗಲು ರಾತ್ರಿ ಎನ್ನದೆ, ಕನ್ನಡದಲ್ಲೇ, ಖರ್ಚಿಲ್ಲದೆ ಅಲ್ಲಿ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ಸೇವೆಯ ಮುಖ್ಯ ಕೇಂದ್ರವಾಗಿದೆ. ಜ್ವರಕ್ಕೆ ವೈದ್ಯರ ಬಳಿ ಹೋಗುವುದು ಹೇಗೆ ನಾಚಿಕೆಯಲ್ಲವೋ, ಇದೂ ಹಾಗೆಯೇ.

ಗೆಳೆಯ ಸೋತು ಬಂದಾಗ ನೀವು ಅವನನ್ನು ‘ನಾಲಾಯಕ್ಕು’ ಎನ್ನುವುದಿಲ್ಲ. ಹೆಗಲ ಮೇಲೆ ಕೈಯಿಟ್ಟು, ಪಕ್ಕದಲ್ಲಿ ಕೂರಿಸಿಕೊಳ್ಳುತ್ತೀರಿ. ಗೆಳೆಯನಿಗೆ ತೋರಿಸುವ ಅಷ್ಟು ಕರುಣೆಗೆ ನೀವೂ ಅರ್ಹರೇ. ನಾಳೆ ಬೆಳಿಗ್ಗೆ ಹತ್ತು ನಿಮಿಷ ಅದನ್ನು ನಿಮಗೆ ನೀವೇ ತೋರಿಸಿಕೊಂಡು ನೋಡಿ.