ಕೊಡೆ ಬಿಚ್ಚಿದ ಮೇಲೆ

ಬೀದರಿನ ಆಕಾಶದಲ್ಲಿ 2008ರಿಂದ ಹಾರುತ್ತಿರುವ ಹಾಕ್ ತರಬೇತಿ ವಿಮಾನಗಳಲ್ಲಿ ಚಾಲಕನ ತಲೆಯ ಹಿಂದೆ ಒಂದು ಪೆಟ್ಟಿಗೆ, ಅದರೊಳಗೆ ಮಡಿಸಿಟ್ಟ ಪ್ಯಾರಾಶೂಟು ಇರುತ್ತದೆ. ಬೀದರನ್ನೇ ಮನೆಯಾಗಿ ಮಾಡಿಕೊಂಡಿರುವ ವಾಯುಪಡೆಯ ಸೂರ್ಯಕಿರಣ ವಿಮಾನ ಕಸರತ್ತಿನ ತಂಡದ ಎರಡು ವಿಮಾನಗಳು 2019ರ ಫೆಬ್ರವರಿ 19ರಂದು ಯಲಹಂಕದ ಮೇಲೆ ಪರಸ್ಪರ ತಾಗಿದಾಗ ಒಬ್ಬರು ಪ್ರಾಣ ತೆತ್ತರು. ಇಬ್ಬರು ಇಂಥ ಕೊಡೆಗಳನ್ನೇ ನಂಬಿ ಇಳಿದು, ಗಾಯಗೊಂಡರೂ ಬದುಕಿದರು.

ಆಸನದೊಡನೆ ವಿಮಾನದಿಂದ ಚಿಮ್ಮಿದವನನ್ನು ಕ್ಷಣಾರ್ಧದಲ್ಲಿ ತಡೆಹಿಡಿಯಬೇಕಾದ ಈ ಕೊಡೆ ಕಿರಿದಾದುದರಿಂದ ಅವರೋಹಣವೇಗ ಹೆಚ್ಚು. ಸೆಕೆಂಡಿಗೆ 6ರಿಂದ 7 ಮೀಟರ್ ಎಂದಿಟ್ಟುಕೊಳ್ಳಿ. 7 ಮೀಟರ್ ವೇಗವೆಂದರೆ ಎರಡೂವರೆ ಮೀಟರ್ ಎತ್ತರದ ಗೋಡೆಯಿಂದ ಧುಮುಕಿದಂತೆ. ಪ್ಯಾರಾಗ್ಲೈಡರಿನವರು ಆಪತ್ತಿಗೆಂದು ಒಯ್ಯುವ ಕೊಡೆಗಳಲ್ಲಿ ದುಂಡು ಕೊಡೆ ಐದರ ಆಸುಪಾಸಿನಲ್ಲಿ ಇಳಿಯುವುದಾದರೂ, ಅಂಚಿನಿಂದ ಗಾಳಿ ಸೋರಿದಂತೆಲ್ಲ ಗಡಿಯಾರದ ಲೋಲಕದಂತೆ ತೂಗಾಡುತ್ತದೆ. ಮೂಲೆಗಳಲ್ಲಿ ಗಾಳಿಗೆ ದಾರಿ ಬಿಟ್ಟ ಚೌಕಕೊಡೆ ಸ್ಥಿರವಾಗಿ ಇಳಿಯುತ್ತದೆ. ರೊಗಾಲೊ ಎಂಬ ತ್ರಿಕೋನಾಕಾರದ ಕೊಡೆ ಇನ್ನೂ ನಿಧಾನ, ದಿಕ್ಕು ತಿರುಗಿಸಲೂ ಬರುತ್ತದೆ, ಆದರೆ ಮುಂದಕ್ಕೆ ಜಾರುವ ವೇಗವನ್ನು ತನ್ನೊಡನೆಯೇ ತರುತ್ತದೆ. ಐದಕ್ಕೂ ಏಳಕ್ಕೂ ಅಂತರ ಅಲ್ಪವೆನ್ನಬೇಡಿ. ಪೆಟ್ಟಿನ ಶಕ್ತಿ ವೇಗದ ವರ್ಗದಂತೆ ಬೆಳೆಯುವುದರಿಂದ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ನನ್ನನ್ನು ಬಹುವಾಗಿ ಕಾಡುವುದು ಈ ಸಂಖ್ಯೆಗಳಿಗಿಂತಲೂ ನಮ್ಮ ಗಾಳಿ. ಸಮುದ್ರಮಟ್ಟದ ತಂಪು ಗಾಳಿಯಲ್ಲಿ ಐದೂವರೆ ಮೀಟರ್ ವೇಗದಿಂದ ಇಳಿಯುವ ಕೊಡೆಯನ್ನೇ, ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿರುವ ಬೀದರಿನಲ್ಲಿ, ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಬಿಚ್ಚಿದರೆ, ವಿರಳವಾದ ಗಾಳಿ ಅದನ್ನು ಅಷ್ಟು ಬಲವಾಗಿ ಎತ್ತಿ ಹಿಡಿಯಲಾರದು; ವೇಗ ನೂರಕ್ಕೆ ಎಂಟರಷ್ಟು ಏರಿ ಆರನ್ನು ಮುಟ್ಟುತ್ತದೆ. ಒಂದೂವರೆ ಮೀಟರಿನ ಧುಮುಕು ಒಂದೂಮುಕ್ಕಾಲನ್ನು ಮೀರುತ್ತದೆ.

ನೆಲದ ಮಾತೂ ಉಂಟು. ಬೀದರ ನಗರದ ಸುತ್ತ ಗಡುಸಾದ ಕೆಂಪು ಜಂಬಿಟ್ಟಿಗೆ. ಭಾಲ್ಕಿ, ಔರಾದಗಳ ಎರೆ ಹೊಲ ಶ್ರಾವಣದಲ್ಲಿ ಪಾದವನ್ನು ಮೆತ್ತಗೆ ನುಂಗಿದರೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರುಕು ಬಿಟ್ಟಿರುತ್ತದೆ. ತೊಗರಿ ಕೊಯ್ದ ಹೊಲದಲ್ಲಿ ಓರೆಯಾಗಿ ಕತ್ತರಿಸಿದ ಕೂಳೆಗಳು ಈಟಿಗಳಂತೆ ನಿಂತಿರುತ್ತವೆ. ಅಂಥಲ್ಲಿ ಸೆಕೆಂಡಿಗೆ 5 ಮೀಟರ್ ಗಾಳಿ ಬೀಸುತ್ತಿದ್ದರಂತೂ, ಆರರ ಇಳಿತಕ್ಕೆ ಅದು ಕೂಡಿ, ಓರೆಯಾಗಿ ಎಂಟರ ಹತ್ತಿರದ ವೇಗದಲ್ಲಿ ನೆಲ ಎದುರಾಗುತ್ತದೆ. ಆಗ ಎರಡು ಪಾದಗಳನ್ನೂ ಜೋಡಿಸಿ, ಮೊಣಕಾಲನ್ನು ತುಸು ಮಡಿಸಿ, ಪಕ್ಕಕ್ಕೆ ಉರುಳಬೇಕು. ಉರುಳಿದ ಕೂಡಲೆ ಕೊಡೆಯ ಕೊಂಡಿ ಕಳಚಬೇಕು, ಇಲ್ಲವಾದರೆ ಗಾಳಿ ತುಂಬಿದ ಬಟ್ಟೆ ಮನುಷ್ಯನನ್ನು ಆ ಕೂಳೆಗಳ ಮೇಲೆಯೇ ಎಳೆದುಕೊಂಡು ಹೋಗುತ್ತದೆ.