ಮಾರುತ ವಿಮಾನದ ಕಥೆ
(ಕುಪ್ಪಳ್ಳಿಯಲ್ಲಿ ಮಾಡಿದ ಭಾಷಣ)



ಈ ಮಲೆನಾಡಿನ ಮೂಲೆಯಲ್ಲಿ ವಿಮಾನದ ಮಾತೇಕೆಂದು ಕೇಳುವವರುಂಟು. ಆ ವಿದ್ಯೆಯು ನಮ್ಮ ಬೆಂಗಳೂರಿನಲ್ಲಿಯೇ ಬೆಳೆಯಿತೆಂಬುದು ನನ್ನ ಉತ್ತರ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಾಯದಿಂದ ಅಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ತರಬೇತಿ ವಿಮಾನ ಎಚ್.ಟಿ.-2 ಹಾರಿದುದು 1951ರಲ್ಲಿ. ಹಾರಾಟದ ಕ್ಲಬ್ಬುಗಳ ಪುಷ್ಪಕ 1958ರಲ್ಲಿ.

ಮಾರುತದ ಕಥೆಯನ್ನು ಮಾತ್ರ ತುಸು ವಿಚಾರಿಸಿ ನೋಡಬೇಕು. ಜರ್ಮನಿಯ ಕುರ್ಟ್ ಟಾಂಕರೂ ನಮ್ಮ ಎಂಜಿನಿಯರರೂ ಮೊದಲು ಅದೇ ಅಳತೆಯ ಮರದ ಗ್ಲೈಡರನ್ನು ಹಾರಿಸಿ, ಗಾಳಿಯಲ್ಲಿ ಅದರ ನಡತೆಯನ್ನು ಪರೀಕ್ಷಿಸಿದರು. 1961ರ ಜೂನ್ 17ರಂದು ಯುದ್ಧವಿಮಾನವೇ ಹಾರಿತು. ಅದರ ಶರೀರವು ಶಬ್ದದ ವೇಗವನ್ನು ಮೀರಲೆಂದು ರಚಿತವಾದುದು. ಆದರೆ ಅದಕ್ಕೆಂದು ನೆಚ್ಚಿದ್ದ ಎಂಜಿನ್ನನ್ನು ಬ್ರಿಟನ್ನು ನಡುದಾರಿಯಲ್ಲಿ ಕೈಬಿಟ್ಟಿತು. ಅದನ್ನು ಪೂರ್ಣಗೊಳಿಸುವ ವೆಚ್ಚವನ್ನು ವಹಿಸಲು ನಮ್ಮ ಸರಕಾರವೂ ಒಪ್ಪಲಿಲ್ಲ. ಹೀಗಾಗಿ ಕಡಿಮೆ ಬಲದ ಎರಡು ಆರ್ಫಿಯಸ್ ಎಂಜಿನ್ನುಗಳಿಂದಲೇ ತೃಪ್ತಿಪಡಬೇಕಾಯಿತು. ಆದಾಗ್ಯೂ 1971ರ ಯುದ್ಧದಲ್ಲಿ ಮಾರುತವು ಪಶ್ಚಿಮ ರಂಗದಲ್ಲಿ ನೆಲದ ಗುರಿಗಳ ಮೇಲೆ ಸಮರ್ಥವಾಗಿ ದಾಳಿ ನಡೆಸಿತು. ಒಟ್ಟು ತಯಾರಾದುವು 147. ಇಂಥ ವಿಮಾನವನ್ನು ವಿಫಲವೆಂದು ಜರೆಯುವವರಿದ್ದಾರೆ. ವಕೀಲನ ಮಾತಿನಲ್ಲಿ ಹೇಳುವುದಾದರೆ, ಅವರು ಕಟಕಟೆಗೆ ತಂದಿರುವುದು ತಪ್ಪು ಆರೋಪಿಯನ್ನು.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಹಾರಿದ ತೇಜಸ್ಸಿನ ಎಂಜಿನ್ನೂ ಅಮೆರಿಕದ್ದೇ.