ಸಾರಥಿಯ ಸುಖ



ಹುಕ್ಕೇರಿಯಿಂದ ಘಟಪ್ರಭೆಯ ಮೇಲೆ ಹಾಯ್ದು ಗೋಕಾಕಕ್ಕೆ, ಅಲ್ಲಿಂದ ಮೂಡಲಗಿಗೆ ಹೋಗುವ ದಾರಿಯಲ್ಲಿ ಈಗ ಹೆಚ್ಚಾಗಿ ಕಣ್ಣಿಗೆ ಬೀಳುವುದು ಚಕ್ಕಡಿಯಲ್ಲ, ಪಿಕಪ್ ಗಾಡಿ. 2005ರಲ್ಲಿ ಟಾಟಾ ಏಸ್ ಬಂದಿತು. ಜನರು ಅದನ್ನು ಛೋಟಾ ಹಾಥಿ ಎಂದು ಕರೆದರು. ಬೊಲೆರೊ ಪಿಕಪ್ಪುಗಳಂತೂ ಹೊಲದ ಬದುವಿನವರೆಗೆ ಬಂದು ನಿಲ್ಲುತ್ತವೆ. ಕಬ್ಬಿಗೆ ಟ್ರ್ಯಾಕ್ಟರು ಬೇಕು. ಕಾಯಿಪಲ್ಲೆಗೆ, ಗೋವಿನಜೋಳದ ಚೀಲಕ್ಕೆ, ಹಾಲಿನ ಕ್ಯಾನಿಗೆ, ಮದುವೆಯ ಮಂಚ ತಿಜೋರಿಗೆ ಇದೇ ಸಾಕು.

ಇಂಥ ಗಾಡಿ ನಡೆಸುವ ತರುಣ ಭಕ್ತನೊಬ್ಬನ ತಾಯಿ ಮಠಕ್ಕೆ ಬಂದು ದುಃಖ ತೋಡಿಕೊಂಡಳು: “ಬುದ್ಧೀ, ಹನ್ನೆರಡು ವರ್ಷ ಆತು, ಮಂದೀ ಗಾಡಿ ಹೊಡೀತಾನ. ಸಾಲಾ ಮಾಡಿ ಒಂದು ಸ್ವಂತದ್ದು ತಗೋ ಅಂದ್ರ ನಗತಾನ. ಕನ್ಯಾ ಕೊಡಾವ್ರು ಗಾಡಿ ಯಾರದು ಅಂತ ಕೇಳತಾರ. ನೀವರ ಹೇಳ್ರಿ.” ನಾವು ಅವನನ್ನು ಕರೆಸಿದೆವು. ಅವನೆಂದ: “ಅಪ್ಪಾರ, ನನಗ ಗಾಡಿ ಹೊಡಿಯೂದಂದ್ರ ಭಾಳ ಸೇರತೈತ್ರಿ. ತುಂಬಿದ ಗಾಡಿ ಏರ ಹತ್ತುವಾಗ ಗೇರು ಸರಿಯಾಗಿ ಬಿತ್ತಂದ್ರ ಮೈಗೆಲ್ಲಾ ಹುರುಪು. ಒಂದೊಂದು ಗಾಡಿಗೆ ಒಂದೊಂದು ಗುಣ ಇರತೈತಿ. ಆದ್ರ ಸಂಜೀಕ ಕೀಲಿ ಕೊಟ್ಟು ಮನೀಗ ನಡೀವಾಗ, ಇದು ನಂದಿರಬೇಕಿತ್ತು ಅಂತ ಒಮ್ಮೆನೂ ಅನಸಿಲ್ರಿ.”

ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಪಾಠಶಾಲೆಯಲ್ಲಿ ಓದಿದ ವ್ಯಾಕರಣ ನೆನಪಾಯಿತು. ಒಡೆತನವನ್ನು ಹೇಳುವುದು ಷಷ್ಠೀ ವಿಭಕ್ತಿ. ಆದರೆ ಆ ಸಂಬಂಧಕ್ಕೆ ವೈಯಾಕರಣರು ಕಾರಕವೆಂಬ ಹೆಸರು ಕೊಡಲಿಲ್ಲ. ಕ್ರಿಯೆಗೂ ಅದಕ್ಕೂ ನೇರ ನಂಟಿಲ್ಲ. ಗೌಡರ ಗಾಡಿಯನ್ನು ಇವನು ನಡೆಸುತ್ತಾನೆ ಎಂದಾಗ ಕರ್ತೃ ಇವನೇ. ನಡೆಸುವ ಸುಖವೂ ಕರ್ತೃವಿನದೇ ತಾನೆ? ಕಠೋಪನಿಷತ್ತಿನ ರಥದಲ್ಲಿಯೂ ಒಡೆಯ ಬೇರೆ, ಸಾರಥಿ ಬೇರೆ. ಕಲ್ಯಾಣದಲ್ಲಿ ತುರುಗಾಹಿ ರಾಮಣ್ಣನವರು ಕಾಯ್ದದ್ದು ಊರವರ ದನಗಳನ್ನು. ಕಾಯಕ ಮಾತ್ರ ಅವರದಾಗಿತ್ತು.

ಆದರೆ ‘ನನ್ನದಲ್ಲ’ ಎಂಬ ಮಾತಿಗೆ ಎರಡು ಮುಖಗಳಿವೆ. ತನ್ನದಲ್ಲವೆಂದು ತಗ್ಗುದಿಣ್ಣೆಯಲ್ಲಿ ಗಾಡಿಯನ್ನು ಕುಣಿಸುವವನೂ, ಮಿತಿ ಮೀರಿ ಹೇರು ಹೇರುವವನೂ ಅದೇ ಮಾತನ್ನೇ ಆಡುತ್ತಾನೆ. ಅದನ್ನು ವೈರಾಗ್ಯವೆಂದು ಯಾರೂ ಕರೆಯಬೇಡಿರಿ. ನಾವು ಗಾಡಿಯ ಮಾಲಕರನ್ನೂ ವಿಚಾರಿಸಿದೆವು. ಎಣ್ಣೆ, ನೀರು, ಗಾಲಿಯ ಗಾಳಿ ನೋಡದೆ ಹುಡುಗ ಕೀಲಿ ತಿರುವುವುದಿಲ್ಲ, ಎಲ್ಲಿಯೋ ಸಣ್ಣ ಸಪ್ಪಳವಾದರೂ ತಮಗಿಂತ ಮೊದಲು ಅವನಿಗೆ ತಿಳಿಯುತ್ತದೆ ಎಂದರು. ಅವನ ನಗು ಸುಳ್ಳಲ್ಲವೆಂದು ನಮಗೆ ಆಗ ಖಾತ್ರಿಯಾಯಿತು.

ಮಾಲಕರ ಭಾರವನ್ನೂ ಮರೆಯಬಾರದು. ವಿಮೆ, ಫಿಟ್‌ನೆಸ್ಸು, ಬ್ಯಾಂಕಿನ ಕಂತು. ಮಳೆಗಾಲದಲ್ಲಿ ಬಾಡಿಗೆ ನಿಂತರೂ ಕಂತು ನಿಲ್ಲುವುದಿಲ್ಲ. ಅದನ್ನು ಒಬ್ಬರು ಹೊತ್ತಿರುವುದರಿಂದಲೇ ಇನ್ನೊಬ್ಬನಿಗೆ ಹಗುರಾದ ಸುಖ. ಇದನ್ನು ಹೇಳಿದಾಗ ಹುಡುಗ ಒಪ್ಪಿದ.

ತಾಯಿಯ ಚಿಂತೆಯೂ ಪೊಳ್ಳಲ್ಲ. ಜ್ವರ ಬಂದು ಮಲಗಿದರೆ ಬಾಡಿಗೆ ಚಾಲಕನಿಗೆ ಅಂದಿನ ಪಗಾರವಿಲ್ಲ. ಆದ್ದರಿಂದ ಗಾಡಿ ಕೊಳ್ಳೆಂದು ನಾವು ಹೇಳಲಿಲ್ಲ; ಕಂತಿಗೆ ಹೋಗಬಹುದಾಗಿದ್ದ ಹಣದಲ್ಲಿ ಅರ್ಧವನ್ನಾದರೂ ಪ್ರತಿ ತಿಂಗಳು ತಾಯಿಯ ಹೆಸರಿಗೆ ಅಂಚೆ ಕಚೇರಿಯಲ್ಲಿ ಇಡೆಂದೆವು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ಬರುತ್ತದೆ. ದಾರಿಯ ಮೇಲೆ ದುಡಿಯುವವನು ಅದನ್ನು ಮಾಡಿಸದೆ ಇರುವುದೆಂದರೇನು? ಮರುದಿನವೇ ಮಾಡಿಸಿದ.

ಆ ತಾಯಿಗೆ ಇನ್ನೂ ಪೂರ್ಣ ಸಮಾಧಾನವಾದಂತಿಲ್ಲ. ಕನ್ಯೆ ಕೊಡುವ ಮನೆಯವರು ಈ ಸಭೆಯಲ್ಲಿಯೂ ಇದ್ದೀರಿ. ವರನ ಬಾಗಿಲಲ್ಲಿ ನಿಂತ ಗಾಡಿ ಯಾರದೆಂದು ಕೇಳುವವರು, ಅದರ ಮೇಲೆ ಇನ್ನೆಷ್ಟು ಕಂತು ಉಳಿದಿವೆ ಎಂದೂ ಕೇಳಿರಿ.